ರಾಜನ ಪತ್ರವನ್ನು ಒಪ್ಪದವನ ಊರು

ನಮಸ್ಕಾರ. ಇದು ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್. ಈ ಪಾರ್ಕಿನಲ್ಲಿ ಕಲ್ಲಿನ ಬಾವಿಕಟ್ಟೆ ಕಾಣುತ್ತಿದೆ ಅಲ್ವಾ? ಅಲ್ಲಿ ಮೊದಲು ಸಿಹಿನೀರಿನ ಬುಗ್ಗೆ ಇತ್ತು. 1636ರಲ್ಲಿ ರೋಜರ್ ವಿಲಿಯಮ್ಸ್ ಮತ್ತು ಅವನ ಜೊತೆಗಾರರು ಇದರ ಹತ್ತಿರವೇ ಊರು ಕಟ್ಟಿದರು.

ವಿಲಿಯಮ್ಸ್ ಅಂದರೆ ಧರ್ಮದ ಸ್ವಾತಂತ್ರ್ಯಕ್ಕೆ ಹೋರಾಡಿದವನು ಅಂತ ಎಲ್ಲರೂ ಹೇಳುತ್ತಾರೆ. ನಿಜ. ಆದರೆ ಅವನ ಜಗಳ ಜಮೀನಿನದ್ದೂ ಹೌದು.

1631ರಲ್ಲಿ ಈ ಪಾದ್ರಿ ಇಂಗ್ಲೆಂಡಿನಿಂದ ಬಾಸ್ಟನ್‌ಗೆ ಬಂದ. ಅಲ್ಲಿ ಕ್ರೈಸ್ತರಲ್ಲೇ ಕಟ್ಟುನಿಟ್ಟಿನ ಪಂಗಡವಾದ ಪ್ಯೂರಿಟನ್ನರ ಆಡಳಿತ. ಚರ್ಚಿನ ಸದಸ್ಯರಲ್ಲದವರಿಗೆ ಓಟು ಇಲ್ಲ. ದೇವರನ್ನು ಹೇಗೆ ನಂಬಬೇಕು ಅನ್ನುವುದರಲ್ಲಿ ಸರ್ಕಾರ ತಲೆ ಹಾಕಬಾರದು ಎಂದ ವಿಲಿಯಮ್ಸ್. ಅಷ್ಟಕ್ಕೇ ನಿಲ್ಲಲಿಲ್ಲ. ಅಲ್ಲಿನ ನೆಲವನ್ನು ಇಂಗ್ಲೆಂಡಿನ ರಾಜ ಒಂದು ಪತ್ರದಲ್ಲಿ ಈ ವಲಸಿಗರಿಗೆ ಬರೆದುಕೊಟ್ಟಿದ್ದ. ಈ ನೆಲ ಇಲ್ಲಿಯ ಮೂಲನಿವಾಸಿಗಳದ್ದು, ತನ್ನದಲ್ಲದ್ದನ್ನು ರಾಜ ಹೇಗೆ ಬರೆದುಕೊಡುತ್ತಾನೆ, ಬೇಕಿದ್ದರೆ ಅವರಿಂದಲೇ ಕೊಂಡುಕೊಳ್ಳಿ ಎಂದ. ಯೋಚನೆ ಮಾಡಿ, ಅಲ್ಲಿದ್ದ ಪ್ರತಿಯೊಬ್ಬನ ಹೊಲ, ಮನೆ ನಿಂತಿದ್ದೇ ರಾಜನ ಆ ಪತ್ರದ ಮೇಲೆ!

ನನಗೆ ಜಾಸ್ತಿ ಸಿಟ್ಟು ಬರುವುದು ಬಾಸ್ಟನ್ ಹತ್ತಿರದ ಸೇಲಂ ಊರಿನ ವಿಷಯಕ್ಕೆ. 1635ರಲ್ಲಿ ಅಲ್ಲಿನ ಚರ್ಚು ವಿಲಿಯಮ್ಸ್‌ನನ್ನು ಗುರುವಾಗಿ ಆರಿಸಿಕೊಂಡಿತು. ಅದೇ ಹೊತ್ತಿಗೆ ಊರಿನವರು ಮಾರ್ಬಲ್‌ಹೆಡ್ ಕಡೆ ಜಮೀನು ಕೇಳಿ ಅರ್ಜಿ ಹಾಕಿದ್ದರು. ಬಾಸ್ಟನ್‌ನಿಂದ ಆಳುತ್ತಿದ್ದ ಕಾಲೊನಿಯ ಕೋರ್ಟು ಅದನ್ನು ತಡೆಹಿಡಿಯಿತು. ಕಾರಣ ಇವನೇ. ಒಬ್ಬನ ಬಾಯಿ ಮುಚ್ಚಿಸಲು ಇಡೀ ಊರಿನ ಹೊಟ್ಟೆಗೆ ಕೈಹಾಕಿದರು. ಕೊನೆಗೆ ಊರಿನವರೂ ಹಿಂದೆ ಸರಿದರು. ಅಕ್ಟೋಬರಿನಲ್ಲಿ ಗಡೀಪಾರಿನ ತೀರ್ಪು ಬಂತು. ಹಡಗು ಹತ್ತಿಸಿ ಇಂಗ್ಲೆಂಡಿಗೆ ಸಾಗಿಸುತ್ತಾರೆ ಅಂತ ಗೊತ್ತಾಗಿ, ಜನವರಿಯ ಹಿಮದಲ್ಲಿ ತಪ್ಪಿಸಿಕೊಂಡು ಹೊರಟ. ಅವನಿಗೆ ಆಸರೆ ಕೊಟ್ಟವರು ವಾಂಪನೋಗ್ ಅನ್ನುವ ಮೂಲನಿವಾಸಿ ಜನ.

ಪ್ರಾವಿಡೆನ್ಸಿನ ನೆಲ ಕೊಟ್ಟವರು ನರಗ್ಯಾನ್ಸೆಟ್ ಅನ್ನುವ ಇನ್ನೊಂದು ಮೂಲನಿವಾಸಿ ಜನರ ನಾಯಕರಾದ ಕೆನೋನಿಕಸ್ ಮತ್ತು ಮಿಯಾಂಟೊನೊಮಿ. 1638ರ ಮಾರ್ಚಿನಲ್ಲಿ ಪತ್ರವಾಯಿತು. ಅದೇ ತಿಂಗಳು ಅಕ್ವಿಡ್ನೆಕ್ ದ್ವೀಪವನ್ನೂ ಅವರು ಕೊಟ್ಟರು, 40 ಮಾರು ಬಿಳಿ ಚಿಪ್ಪಿನ ಮಣಿಗೆ. ಅಲ್ಲಿ ನೆಲೆಸಿದವರು ಆನ್ ಹಚಿನ್ಸನ್ ಮತ್ತು ಅವಳ ಕಡೆಯವರು. ಮನೆಯಲ್ಲಿ ಜನರನ್ನು ಸೇರಿಸಿ ಧರ್ಮದ ಮಾತಾಡಿದಳು, ಪಾದ್ರಿಗಳನ್ನು ಟೀಕಿಸಿದಳು ಅಂತ ಅವಳನ್ನೂ ಬಾಸ್ಟನ್ ಹೊರಹಾಕಿತ್ತು.

ಪ್ರಾವಿಡೆನ್ಸಿನಲ್ಲಿ ನಂಬಿಕೆಯ ಹೆಸರಲ್ಲಿ ಯಾರನ್ನೂ ಓಡಿಸಲಿಲ್ಲ. ಆದರೆ ಜಮೀನಿನ ಜಗಳ ಬಿಡಲಿಲ್ಲ. ಹೊಳೆಗಳ ಮೇಲ್ಗಡೆ ದನ ಮೇಯಿಸಲು ಮಿತಿ ಇಲ್ಲ ಅಂತ ಮೊದಲ ಪತ್ರದಲ್ಲಿ ಒಂದು ಮಾತು ಇತ್ತು. ವಿಲಿಯಂ ಹ್ಯಾರಿಸ್ ಅನ್ನುವವನು ಅದನ್ನೇ ಹಿಡಿದು, ಅಷ್ಟೂ ನೆಲ ನಮ್ಮದೇ ಅಂತ ವರ್ಷಗಟ್ಟಲೆ ವ್ಯಾಜ್ಯ ನಡೆಸಿದ. ಅದು ಮೇಯಿಸುವ ಹಕ್ಕು ಮಾತ್ರ ಅಂತ ವಿಲಿಯಮ್ಸ್ ಕೊನೆಯವರೆಗೂ ವಾದಿಸಿದ.

1675ರಲ್ಲಿ ಮೂಲನಿವಾಸಿಗಳಿಗೂ ಬಿಳಿಯರಿಗೂ ಯುದ್ಧ ಶುರುವಾಯಿತು. ಡಿಸೆಂಬರಿನಲ್ಲಿ ಬಿಳಿಯರ ಸೈನ್ಯ ನರಗ್ಯಾನ್ಸೆಟ್ ಜನರ ಕೋಟೆಗೆ ಬೆಂಕಿ ಇಟ್ಟಿತು. ಹೆಂಗಸರು, ಮಕ್ಕಳು ಸೇರಿ ನೂರಾರು ಜನ ಸತ್ತರು. ಮರುವರ್ಷ ಮಾರ್ಚಿನಲ್ಲಿ ಮೂಲನಿವಾಸಿಗಳ ದಾಳಿಯಲ್ಲಿ ಪ್ರಾವಿಡೆನ್ಸ್ ಸುಟ್ಟುಹೋಯಿತು, ವಿಲಿಯಮ್ಸ್‌ನ ಮನೆಯೂ. ಆ ಆಗಸ್ಟಿನಲ್ಲಿ ಸೆರೆಸಿಕ್ಕ ಮೂಲನಿವಾಸಿಗಳನ್ನು ಜೀತಕ್ಕೆ ಮಾರಲು ಊರಿನಲ್ಲಿ ಒಂದು ಸಮಿತಿಯಾಯಿತು. ಅದರಲ್ಲಿ ವಿಲಿಯಮ್ಸ್ ಕೂಡ ಇದ್ದ. ಇದನ್ನು ಬಿಟ್ಟು ಅವನ ಕಥೆ ಹೇಳಲು ನನಗೆ ಮನಸ್ಸು ಒಪ್ಪುವುದಿಲ್ಲ.