ಉಲ್ಕಾಶಿಲೆ ಬೆಂದದ್ದು ಎಲ್ಲಿ?

ಕೇಳುಗರಿಗೆ ನಮಸ್ಕಾರ.

ಉಲ್ಕಾಶಿಲೆ ಅಂದೊಡನೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಬಿದ್ದಾಗ ಕೆಂಡದ ಹಾಗೆ ಸುಡುತ್ತಿತ್ತೇ? ಇಲ್ಲ. ಗಾಳಿಗೆ ಸಿಕ್ಕ ಹೊರಮೈ ಕೆಲವೇ ಸೆಕೆಂಡು ಕರಗುತ್ತದೆ, ತೆಳ್ಳನೆಯ ಕರಿ ಸಿಪ್ಪೆ ಉಳಿಯುತ್ತದೆ, ಅಷ್ಟೆ. ಒಳಗಿನ ಕಲ್ಲಿಗೆ ಆ ಬಿಸಿ ತಟ್ಟುವುದೇ ಇಲ್ಲ. ಅದು ಬೆಂದದ್ದು ಇಲ್ಲಿಗೆ ಬರುವಾಗಲ್ಲ. ಸುಮಾರು 456 ಕೋಟಿ ವರ್ಷಗಳ ಹಿಂದೆ, ತನ್ನ ತಾಯಿಕಾಯದ, ಅಂದರೆ ಅದು ಒಡೆದು ಬಂದ ದೊಡ್ಡ ಕಾಯದ, ಒಡಲಲ್ಲಿ. ದಯವಿಟ್ಟು ಇದೊಂದನ್ನು ನೆನಪಿಡಿ.

2008ರ ಸೆಪ್ಟೆಂಬರ್ 12ರಂದು ನಮ್ಮ ಗಡಿಯಾಚೆ, ಹೊಸೂರಿನ ಹತ್ತಿರದ ಶೂಲಗಿರಿಯಲ್ಲಿ ಕಲ್ಲು ಬಿತ್ತು. ಅದರ ವರ್ಗ ಎಲ್‌ಎಲ್6. ಎಲ್‌ಎಲ್ ಅಂದರೆ ಲೋಹ ತೀರಾ ಕಡಿಮೆ. ಆಲಿವಿನ್, ಪೈರಾಕ್ಸೀನ್ ಖನಿಜಗಳದ್ದೇ ಕಾರುಬಾರು. 6 ಅಂದರೆ ಚೆನ್ನಾಗಿ ಬೆಂದದ್ದು. ಅಷ್ಟಾಗಿ ಬೇಯದ 3ನೇ ದರ್ಜೆಯ ಕಲ್ಲಿನಲ್ಲಿ ಕಾಂಡ್ರೂಲ್ ಎಂಬ ಪುಟ್ಟ ಗುಂಡುಗಳು ಎದ್ದು ಕಾಣುತ್ತವೆ. 6ನೆಯದರಲ್ಲಿ ಅವುಗಳ ಅಂಚು ಮಾಸಿ, ನಡುವೆ ಪ್ಲಾಜಿಯೋಕ್ಲೇಸ್ ಎಂಬ ಖನಿಜದ ಹರಳು ಬೆಳೆದಿರುತ್ತದೆ.

ಇದೆಲ್ಲ ಬರೀ ಊಹೆ ಅನ್ನುವವರಿಗೆ ನಾನು ಹಯಾಬುಸಾ ಕತೆ ಹೇಳುತ್ತೇನೆ. ಜಪಾನಿನ ಈ ನೌಕೆ 2003ರಲ್ಲಿ ಹೊರಟು, 2005ರಲ್ಲಿ ಇಟೊಕಾವಾ ಎಂಬ ಕ್ಷುದ್ರಗ್ರಹದ ಮೇಲೆ, ಅಲ್ಲಿನ ದೂಳು ತರಲು ಇಳಿಯಿತು. ದೂಳೆಬ್ಬಿಸಲು ಗುಂಡು ಹಾರಬೇಕಿತ್ತು, ಹಾರಲಿಲ್ಲ. ಇಂಧನ ಸೋರಿತು. ವಾರಗಟ್ಟಲೆ ಸುದ್ದಿಯೇ ಇಲ್ಲ. ವಾಪಸಾಗುವಾಗ ಎಂಜಿನ್‌ಗಳೂ ಕೈಕೊಟ್ಟವು. ಆ ಎಂಜಿನಿಯರುಗಳು ಬಿಟ್ಟರೇ? ಕೆಟ್ಟ ಎರಡು ಎಂಜಿನ್‌ಗಳಲ್ಲಿ ಸರಿಯಿದ್ದ ಭಾಗಗಳನ್ನು ಜೋಡಿಸಿ ಒಂದಾಗಿ ಓಡಿಸಿದರು! 2010ರ ಜೂನ್ 13ರಂದು ಡಬ್ಬಿ ಆಸ್ಟ್ರೇಲಿಯಾದಲ್ಲಿ ಇಳಿಯಿತು. ಒಳಗಿದ್ದದ್ದು ಸಾವಿರಕ್ಕೂ ಹೆಚ್ಚು ಕಣ, ಹೆಚ್ಚಿನವು ಕೂದಲೆಳೆಗಿಂತ ಸಣ್ಣವು. ಪರೀಕ್ಷಿಸಿದರೆ ಅವೂ ಎಲ್‌ಎಲ್ ವರ್ಗದವೇ! ಬಹುಪಾಲು ಕಣಗಳು ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದು, ಬಹಳ ನಿಧಾನವಾಗಿ ಆರಿದ್ದವು.

ಇಟೊಕಾವಾ ಉದ್ದ ಬರೀ ಅರ್ಧ ಕಿಲೋಮೀಟರ್. ಅಷ್ಟು ಚಿಕ್ಕದು ಬಿಸಿ ಹಿಡಿದಿಡಲಾರದು. ದೊಡ್ಡ ಮುದ್ದೆಯ ನಡುವೆ ಬಿಸಿ ಉಳಿಯುತ್ತದೆ, ತುತ್ತು ಮುರಿದರೆ ಆರಿಹೋಗುತ್ತದಲ್ಲ, ಹಾಗೆ. ಅಂದರೆ ಅದರ ತಾಯಿಕಾಯ ಕನಿಷ್ಠ 20 ಕಿಲೋಮೀಟರ್ ಅಗಲವಿದ್ದು, ಆಮೇಲೆ ಒಡೆದಿರಬೇಕು.

ಸಮಯ ಮುಗಿಯುತ್ತಿದೆ. ಒಲೆ ಯಾವುದು? ಕ್ಷಯಿಸುತ್ತ ಬಿಸಿ ಕೊಡುವ ಅಲ್ಯೂಮಿನಿಯಂ-26 ಎಂಬ ವಿಕಿರಣಶೀಲ ಪರಮಾಣು. ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಮುಗಿದುಹೋಗುವ ಸಮಯ, ಸುಮಾರು 7 ಲಕ್ಷ ವರ್ಷ. ಹಾಗಾಗಿ ಬೇಗ ರೂಪುಗೊಂಡ ಕಾಯಗಳು ಹೆಚ್ಚು ಬೆಂದವು, ಕೆಲವು ಪೂರ್ತಿ ಕರಗಿದವು.

ಕೊನೆಗೊಂದು ವಿನಂತಿ. ಅಂಥ ಕಲ್ಲು ಸಿಕ್ಕರೆ ಬೆಂಕಿಗೆ ಹಿಡಿದು ಪರೀಕ್ಷೆ ಮಾಡಬೇಡಿ. ಒಳಗಿನ ಹಳೆಯ ಬಿಸಿಯ ದಾಖಲೆ ಕೆಡುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ತಿಳಿಸಿ. ನಮಸ್ಕಾರ.