ನೂರು ಪುಟದ ಹಬ್ಬದ ಸಂಚಿಕೆ: 2000 ಎಡಿಯನ್ನು ನಾವು ಕಲಬುರಗಿಯಲ್ಲಿ ಓದುವ ರೀತಿ

[ಪರದೆ: ಟ್ಯಾಬ್‌ನಲ್ಲಿ ಪುಟಗಳು ಸರಿಯುತ್ತಿವೆ. ಬಣ್ಣ, ಕಪ್ಪು-ಬಿಳುಪು, ಮತ್ತೆ ಬಣ್ಣ.]

ನಮಸ್ಕಾರ. ಬ್ರಿಟನ್ನಿನಲ್ಲಿ ಪ್ರತಿ ಬುಧವಾರ ಒಂದು ಸೈನ್ಸ್ ಫಿಕ್ಷನ್ ಕಾಮಿಕ್ ಬರುತ್ತದೆ. 1977ರ ಫೆಬ್ರುವರಿಯಲ್ಲಿ ಶುರುವಾಗಿದ್ದು ಇವತ್ತಿಗೂ ನಿಂತಿಲ್ಲ. ಹೆಸರು 2000 ಎಡಿ. ಮಾಮೂಲಿ ವಾರ 32 ಪುಟ, ಅದರಲ್ಲಿ ಹೆಚ್ಚಾಗಿ ಐದು ಕತೆ. ಒಂದೊಂದಕ್ಕೂ ಐದಾರು ಪುಟ ಸಿಕ್ಕರೆ ಜಾಸ್ತಿ. ಆದರೆ ಡಿಸೆಂಬರ್ ನಡುವೆ ಬರುವ ಸಂಚಿಕೆ ದಪ್ಪ, ನೂರು ಪುಟದ್ದು. ಅದು ಬಂದ ಮೇಲೆ ಕ್ರಿಸ್ಮಸ್ ಮತ್ತು ಹೊಸ ವರ್ಷದ ವಾರಗಳಲ್ಲಿ ಪತ್ರಿಕೆಗೆ ರಜೆ. ಮುಂದಿನ ಸಂಚಿಕೆ ಬರೋವರೆಗೆ ಓದುಗರ ಕೈಯಲ್ಲಿ ಇರೋದು ಅದೊಂದೇ.

ಹಾಗಾಗಿ ಅಭಿಮಾನಿಗಳು ಅದನ್ನು ಬಿಡದೆ ಹಿಂಜುತ್ತಾರೆ. ಕತೆ ಕತೆಗೂ ಅಂಕ ಹಾಕುತ್ತಾರೆ. ಯಾವುದು ಚೆನ್ನ, ಯಾವುದು ಸುಮ್ನೆ ಪುಟ ತುಂಬಿಸೋಕೆ ಬಂತು ಅಂತ ಜಗಳ ಆಡುತ್ತಾರೆ. ನಾವು ಕೆಲವರು ಕಲಬುರಗಿಯಲ್ಲಿ ಕೂತು ಅದನ್ನೇ ಮಾಡುತ್ತೇವೆ. ಹೀಗೆ ಜಗಳ ಆಡಿ ಆಡಿ ನನಗೆ ಗಟ್ಟಿಯಾದ ಮಾತೊಂದಿದೆ. ಹಬ್ಬದ ಸಂಚಿಕೆಗೆ ಮಾಮೂಲಿ ವಾರದ ಅಳತೆ ಹಿಡಿಯಬಾರದು. ಹಿಡಿದರೆ ಹಳೇ ಓದುಗರಾದ ನಾವು ಒಳ್ಳೇ ಸಂಚಿಕೆಯನ್ನೂ ಬೈದು ಬಿಸಾಕುತ್ತೇವೆ.

[ಪರದೆ: ಹಳೆಯ ಕನ್ನಡ ವಿಶೇಷಾಂಕಗಳ ಗುಡ್ಡೆ, ಮಡಚಿದ ಪುಟದ ತುದಿಗಳು]

ವಿಶೇಷಾಂಕ ಅಂದರೆ ಏನು ಅಂತ ಕನ್ನಡದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರಜಾವಾಣಿಯ ದೀಪಾವಳಿ ವಿಶೇಷಾಂಕ, ಸುಧಾ ಮತ್ತು ತರಂಗದ ಯುಗಾದಿ ವಿಶೇಷಾಂಕ ಬಂದ ದಿನ ಮನೆಯಲ್ಲಿ ಯಾರ ಕೈಗೆ ಮೊದಲು ಅಂತ ಕಿತ್ತಾಟ ನಡೆಯುತ್ತಿತ್ತು. ಅಜ್ಜಿಗೆ ವರ್ಷ ಭವಿಷ್ಯ ಬೇಕು, ಅಕ್ಕನಿಗೆ ಕತೆ ಸ್ಪರ್ಧೆಯ ಫಲಿತಾಂಶ, ಅಪ್ಪನಿಗೆ ಪ್ರಬಂಧ. ಒಂದೇ ಪುಸ್ತಕ ಎಲ್ಲರಿಗೂ ಏನೋ ಒಂದು ಕೊಡಬೇಕು. ಅದರಲ್ಲಿ ಎಲ್ಲವೂ ನನಗೇ ಇಷ್ಟ ಆಗಬೇಕು ಅಂತ ಯಾರೂ ಹಟ ಹಿಡಿಯುತ್ತಿರಲಿಲ್ಲ, ಅಲ್ವಾ?

2000 ಎಡಿಯ ಡಿಸೆಂಬರ್ ಸಂಚಿಕೆಯೂ ಆ ಜಾತಿಯದೇ. ಆದರೆ ಒಂದು ವ್ಯತ್ಯಾಸ ಇದೆ. ನಮ್ಮ ವಿಶೇಷಾಂಕದ ಕತೆ ಅಲ್ಲಿಗಲ್ಲಿಗೆ ಮುಗಿಯುತ್ತದೆ. ಇದರಲ್ಲಿ ಒಂದಷ್ಟು ಕತೆ ಅಲ್ಲೇ ಮುಗಿಯುತ್ತವೆ, ಇನ್ನೊಂದಷ್ಟು ಅಲ್ಲಿಂದ ಶುರುವಾಗುತ್ತವೆ. ಧಾರಾವಾಹಿಗಳ ಮೊದಲ ಕಂತು ಇಲ್ಲಿರುತ್ತದೆ, ಎರಡನೇ ಕಂತು ಹೊಸ ವರ್ಷದಲ್ಲಿ. ಅಂದರೆ ಪತ್ರಿಕೆ ಹಳೇ ಓದುಗರಿಗೆ ಹಬ್ಬದ ಊಟ ಬಡಿಸುತ್ತಲೇ ಹೊಸಬರನ್ನು ಒಳಗೆ ಕರೆಯುತ್ತಿದೆ. ಈ ಎರಡು ಕೆಲಸ ಒಟ್ಟಿಗೆ ಮಾಡೋದು ಕಷ್ಟ. ವಿಮರ್ಶೆ ನೋಡಬೇಕಾದದ್ದು ಈ ಕಷ್ಟವನ್ನೇ.

[ಪರದೆ: ರಾತ್ರಿಯ ಹೊಲ, ಪೂರ್ವದಲ್ಲಿ ಕೆಂಪು ನಕ್ಷತ್ರ]

ಹೊಸದಾಗಿ ನೋಡುತ್ತಿರುವವರಿಗೆ ಒಂದೆರಡು ಮಾತು. ಈ ಪತ್ರಿಕೆಯ ಸಂಪಾದಕ ಥಾರ್ಗ್ ಅಂತ, ಹಸಿರು ಮುಖದ ಅನ್ಯಗ್ರಹದವನು. ಇದು ಪತ್ರಿಕೆಯವರೇ ಮೊದಲ ಸಂಚಿಕೆಯಿಂದ ಕಟ್ಟಿಕೊಂಡು ಬಂದಿರೋ ಕತೆ. ಅವನು ಬಂದದ್ದು ಬೆಟೆಲ್‌ಜ್ಯೂಸ್ ಕಡೆಯಿಂದ. ನಮ್ಮವರು ಅದನ್ನೇ ಆರ್ದ್ರಾ ನಕ್ಷತ್ರ ಅನ್ನುತ್ತಾರೆ. ನಮ್ಮ ರೈತರು ಆರಿದ್ರಾ ಮಳೆ ಅಂತ ಲೆಕ್ಕ ಹಾಕುವ ಹೆಸರು ಇದೇ. ಡಿಸೆಂಬರ್ ಕೊನೆಯಲ್ಲಿ ರಾತ್ರಿ ಎಂಟರ ಹೊತ್ತಿಗೆ ಊರ ಹೊರಗೆ ಹೋಗಿ ಪೂರ್ವಕ್ಕೆ ನೋಡಿದರೆ ಕೆಂಪಗೆ ಕಾಣುತ್ತದೆ.

ನಮ್ಮ ಕಡೆ ಎಳ್ಳ ಅಮಾವಾಸ್ಯೆ ಬರೋದೂ ಹೆಚ್ಚಾಗಿ ಅದೇ ದಿನಗಳಲ್ಲಿ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಇದು ಎಂಥಾ ಹಬ್ಬ ಅಂತ ಗೊತ್ತು. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗೋದು, ಚರಗ ಚೆಲ್ಲೋದು, ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ನಮ್ಮ ಬಳಗದ ಒಬ್ಬಳ ಹೊಲ ಆಳಂದ ರಸ್ತೆಯಲ್ಲಿದೆ. ಊಟ ಆದ ಮೇಲೆ ತೊಗರಿ ಹೊಲದ ಬದುವಿನಲ್ಲಿ ಕೂತು ಟ್ಯಾಬ್ ತೆಗೆಯುತ್ತೇವೆ. ಅಚ್ಚಿನ ಪ್ರತಿ ನಮ್ಮ ಊರಿನ ಅಂಗಡಿಗೆ ಬರಲ್ಲ. ಪ್ರಕಾಶಕರಾದ ರೆಬೆಲಿಯನ್‌ನವರೇ ಡಿಜಿಟಲ್ ಪ್ರತಿ ಮಾರುತ್ತಾರೆ, ಪಿಡಿಎಫ್ ಇಳಿಸಿಕೊಳ್ಳಬಹುದು. ದುಡ್ಡು ಕೊಟ್ಟು ತಗೊಳ್ಳಿ. ಇಷ್ಟು ವರ್ಷ ವಾರ ವಾರ ಒಂದು ಕಾಮಿಕ್ ನಡೆಯಬೇಕಾದರೆ ಕೊಂಡು ಓದುವವರು ಇರಲೇಬೇಕು.

[ಪರದೆ: ಪುಟದ ಮೂಲೆಯಲ್ಲಿರುವ ಹೆಸರಿನ ಚೌಕ, ದೊಡ್ಡದಾಗಿ]

ಇಲ್ಲೊಂದು ಚಿಕ್ಕ ಚೌಕ ನೋಡಿ. ಸ್ಕ್ರಿಪ್ಟ್ ರೋಬೋ, ಆರ್ಟ್ ರೋಬೋ, ಲೆಟರಿಂಗ್ ರೋಬೋ ಅಂತ ಬರೆದು ಎದುರಿಗೆ ಹೆಸರುಗಳಿವೆ. ಥಾರ್ಗ್ ತನ್ನ ಬರಹಗಾರರನ್ನೂ ಕಲಾವಿದರನ್ನೂ ರೋಬೋಗಳು ಅಂತಲೇ ಕರೆಯೋದು. ನೋಡೋಕೆ ತಮಾಷೆ. ಆದರೆ ಈ ಚೌಕ ನನಗೆ ಇಡೀ ಪತ್ರಿಕೆಯಲ್ಲೇ ತುಂಬಾ ಮುಖ್ಯ. ಆ ಕಾಲದ ಬ್ರಿಟಿಷ್ ಕಾಮಿಕ್‌ಗಳು ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕುತ್ತಿರಲಿಲ್ಲ. 2000 ಎಡಿ ಹಾಕಿತು. ಹೆಸರು ಗೊತ್ತಾದ ಮೇಲೆ ತಾನೇ ಓದುಗ, "ಈ ಕೈ ನನಗೆ ಗೊತ್ತು, ಹೋದ ವರ್ಷಕ್ಕಿಂತ ಈ ಸಲ ಚೆನ್ನಾಗಿದೆ" ಅನ್ನೋಕೆ ಆಗೋದು? ಅಭಿಮಾನಿಗಳ ವಿಮರ್ಶೆಗೆ ದಾರಿ ಆಗಿದ್ದು ಈ ಚೌಕ.

ಕಲಬುರಗಿಯವರಿಗೆ ಇದರ ಬೆಲೆ ಗೊತ್ತಿರಬೇಕು. ಇದು ಎಸ್.ಎಂ. ಪಂಡಿತರ ಊರು. 1916ರಲ್ಲಿ ಇಲ್ಲಿ ಹುಟ್ಟಿ, ಮುಂಬೈಯಲ್ಲಿ ಸಿನಿಮಾ ಪೋಸ್ಟರ್ ಬರೆದು, ಕ್ಯಾಲೆಂಡರ್ ಚಿತ್ರಗಳ ಮೂಲಕ ಮನೆಮನೆಯ ಗೋಡೆ ತಲುಪಿದವರು. ಅಚ್ಚಾಗಿ ಸಾವಿರಾರು ಕೈಗೆ ಹೋಗುವ ಚಿತ್ರ ಗ್ಯಾಲರಿಯ ಚಿತ್ರಕ್ಕಿಂತ ಕಡಿಮೆ ಅಂತ ಹೇಳುವವರು ಈ ಊರಿನಲ್ಲಿ ಇರಬಾರದು.

[ಪರದೆ: "ಡಿಸೆಂಬರ್ 1999" ಎಂಬ ಅಕ್ಷರ]

ಈಗ ಒಂದು ಸಂಚಿಕೆ ತಗೊಳ್ಳೋಣ. 1999ರ ಡಿಸೆಂಬರ್. 2000 ಎಡಿಯವರು ತಮ್ಮ ಸಂಚಿಕೆಗೆ ಪ್ರೋಗ್ ಅನ್ನುತ್ತಾರೆ. ಆ ವರ್ಷದ ಕೊನೆಯ ದಪ್ಪ ಸಂಚಿಕೆಗೆ ವಾರದ ಲೆಕ್ಕ ಬಿಟ್ಟು "ಪ್ರೋಗ್ 2000" ಅಂತ ಹೆಸರಿಟ್ಟರು. ಪತ್ರಿಕೆಯ ಹೆಸರಲ್ಲಿದ್ದ ವರ್ಷ ಕೊನೆಗೂ ಬಂದೇ ಬಿಟ್ಟಿತ್ತು. 1977ರಲ್ಲಿ ಆ ಹೆಸರಿಟ್ಟಾಗ ಅದು ದೂರದ ಭವಿಷ್ಯ. ಆಮೇಲೆ ವಾರದ ಲೆಕ್ಕದ ನಿಜವಾದ 2000ನೇ ಸಂಚಿಕೆ ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಒಂದೇ ಪತ್ರಿಕೆಗೆ ಎರಡು ಪ್ರೋಗ್ 2000. ಹಳೇ ಸಂಚಿಕೆ ಹುಡುಕುವಾಗ ಇದನ್ನು ನೆನಪಿಡಿ.

ಆ 1999ರ ಸಂಚಿಕೆಯಲ್ಲಿ ಒಬ್ಬ ಸತ್ತ ನಾಯಕ ವಾಪಸ್ ಬಂದ. ಜಾನಿ ಆಲ್ಫಾ. ಕತೆಯ ಹೆಸರು ಸ್ಟ್ರಾಂಟಿಯಮ್ ಡಾಗ್. ಅಣುಯುದ್ಧದ ವಿಕಿರಣದಿಂದಾಗಿ ಬೇರೆ ರೂಪದಲ್ಲಿ ಹುಟ್ಟಿದ ಜನ ಅದರಲ್ಲಿದ್ದಾರೆ. ಅವರಿಗೆ ಒಳ್ಳೇ ಕೆಲಸ ಯಾರೂ ಕೊಡಲ್ಲ. ತಲೆಗೆ ಬೆಲೆ ಕಟ್ಟಿದ ಅಪರಾಧಿಗಳನ್ನು ಬೇಟೆಯಾಡೋದು ಅವರ ಪಾಲಿಗೆ ಉಳಿದ ಕೆಲಸ. ಹುಟ್ಟನ್ನು ನೋಡಿ ಕೆಲಸ ಗೊತ್ತು ಮಾಡೋದು, ಊರಿನ ಒಂದು ಮೂಲೆಗೆ ತಳ್ಳೋದು. ಬಸವಕಲ್ಯಾಣಕ್ಕೆ ಇಷ್ಟು ಹತ್ತಿರ ಇರೋ ನಾವು ಇದನ್ನು ಅನ್ಯಗ್ರಹದ ಕತೆ ಅಂತ ಓದೋಕಾಗಲ್ಲ. ಶರಣರು 12ನೇ ಶತಮಾನದಲ್ಲಿ ಎದುರು ನಿಂತದ್ದು ಇದಕ್ಕೇ. ನಮ್ಮ ಬಳಗದಲ್ಲಿ ಈ ಕತೆ ಎಲ್ಲಕ್ಕಿಂತ ಬೇಗ ಮನಸ್ಸಿಗೆ ಹತ್ತಿದ್ದು ಇದೇ ಕಾರಣಕ್ಕೆ.

1990ರಲ್ಲಿ ಜಾನಿಯನ್ನು ಕತೆಯಲ್ಲಿ ಸಾಯಿಸಿದರು. ಅವನನ್ನು ಮೊದಲಿಂದ ಬಿಡಿಸುತ್ತಾ ಬಂದ ಸ್ಪೇನಿನ ಕಲಾವಿದ ಕಾರ್ಲೋಸ್ ಎಜ್ಕೆರಾ ಆ ಸಾವಿನ ಕತೆ ಬಿಡಿಸಲು ಒಪ್ಪಲೇ ಇಲ್ಲ. ಬೇರೆಯವರು ಬಿಡಿಸಿದರು. ಸುಮಾರು ಒಂಬತ್ತು ವರ್ಷ ಆದ ಮೇಲೆ, ಹಬ್ಬದ ಸಂಚಿಕೆಯಲ್ಲಿ, ಬರಹಗಾರ ಜಾನ್ ವ್ಯಾಗ್ನರ್ ಜೊತೆ ಎಜ್ಕೆರಾ ತಾನೇ ಜಾನಿಯನ್ನು ಮತ್ತೆ ಬಿಡಿಸಿದರು. ಜಾನಿ ಇನ್ನೂ ಬದುಕಿದ್ದ ಕಾಲಕ್ಕೆ ಹೋಗಿ ಕತೆ ಹೇಳಿದರು.

[ಪರದೆ: ನಮ್ಮ ಗೆಳೆಯ ಕಾಗದದ ಮೇಲೆ ಒಂದು ಗೆರೆ ಎಳೆಯುತ್ತಾನೆ. ಕೈ ಮಾತ್ರ ಕಾಣಿಸುತ್ತದೆ.]

ಎಜ್ಕೆರಾ ಕೈಯನ್ನು ಗುರುತು ಹಿಡಿಯೋದು ಹೇಗೆ? ಶಹಾಬಾದಿನಲ್ಲಿ ಡ್ರಾಯಿಂಗ್ ಕಲಿಸುವ ನಮ್ಮ ಗೆಳೆಯ ತೋರಿಸಿದ್ದು ಇದು. ಪಾತ್ರದ ಹೊರಗೆರೆ ನೋಡಿ. ನೇರವಾಗಿ, ನುಣ್ಣಗೆ ಹೋಗಲ್ಲ. ದಪ್ಪ, ತುಂಡು ತುಂಡು, ಹರಿದ ಅಂಚಿನ ಹಾಗೆ. ಹಿಂದಿನ ದೃಶ್ಯದಿಂದ ಆಳನ್ನು ಮುಂದಕ್ಕೆ ತಳ್ಳೋದು ಆ ಗೆರೆಯೇ. ಪುಟವನ್ನು ಮೊಬೈಲಿನಷ್ಟು ಚಿಕ್ಕದು ಮಾಡಿದರೂ ಯಾರು ಎಲ್ಲಿ ನಿಂತಿದ್ದಾರೆ ಅಂತ ಗೊಂದಲ ಆಗಲ್ಲ. ಇವರೇ ವ್ಯಾಗ್ನರ್ ಜೊತೆ ಸೇರಿ ಜಡ್ಜ್ ಡ್ರೆಡ್‌ನನ್ನೂ ಸೃಷ್ಟಿಸಿದವರು. ಡ್ರೆಡ್ ಅಂದರೆ ಭವಿಷ್ಯದ ನಗರವೊಂದರಲ್ಲಿ ಪೊಲೀಸೂ ನ್ಯಾಯಾಧೀಶನೂ ತಾನೇ ಆಗಿರುವವನು. ಭುಜದ ಮೇಲಿನ ಹದ್ದು, ಕಣ್ಣು ಕಾಣದ ಹೆಲ್ಮೆಟ್, ಆ ವೇಷ ಎಲ್ಲ ಇವರ ಕೈಯಿಂದ ಬಂದದ್ದು. 2018ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಈಗ ಜಗಳದ ವಿಷಯ. ಈ ಕತೆಗೆ ಎಷ್ಟು ಅಂಕ? ಡ್ರಾಯಿಂಗ್ ಮೇಷ್ಟ್ರು ಹತ್ತಕ್ಕೆ ಹತ್ತು ಕೊಟ್ಟ. ಆಳಂದದ ಗೆಳತಿ ಐದರಲ್ಲಿ ನಿಲ್ಲಿಸಿದಳು. ಅವಳ ಮಾತು ನೇರ: "ನನಗೆ ಇವನು ಸತ್ತಿದ್ದೇ ಗೊತ್ತಿಲ್ಲ. ವಾಪಸ್ ಬಂದ ಅಂತ ನಾನ್ಯಾಕೆ ಕಣ್ಣೀರು ಹಾಕಲಿ? ಕತೆ ಇನ್ನೂ ಶುರುವಿನಲ್ಲೇ ಇದೆ." ಮೇಷ್ಟ್ರಿಗೆ ಸಿಟ್ಟು ಬಂತು. ನನಗೆ ಮಾತ್ರ ಇಬ್ಬರೂ ಸರಿ ಅನ್ನಿಸಿತು. ಅವನು ಅಂಕ ಕೊಟ್ಟದ್ದು ಒಂಬತ್ತು ವರ್ಷದ ಕಾಯುವಿಕೆಗೆ. ಅವಳು ಕೊಟ್ಟದ್ದು ಎದುರಿಗಿದ್ದ ಪುಟಕ್ಕೆ. ಹಬ್ಬದ ಸಂಚಿಕೆ ಇಬ್ಬರಿಗೂ ಸಲ್ಲಬೇಕು. ಹಳಬರು ಮಾತ್ರ ಕೂತು ಅಂಕ ಹಾಕಿದರೆ ಅರ್ಧ ವಿಮರ್ಶೆ ಆಗುತ್ತದೆ, ಅಷ್ಟೇ.

ಅದಕ್ಕೆ ನಾವು ಈಗ ಎರಡು ಹಾಳೆ ಇಡುತ್ತೇವೆ. ಮೊದಲ ಹಾಳೆ, ಅಲ್ಲೇ ಮುಗಿಯುವ ಕತೆಗಳಿಗೆ. ಇವಕ್ಕೆ ಕೂಡಲೇ ಅಂಕ ಕೊಡಬಹುದು, ಕಟುವಾಗಿಯೇ ಕೊಡಬೇಕು. ಆರು ಪುಟದ ಕತೆಗೆ ಮೊದಲ ಪುಟದಲ್ಲೇ ಊರು, ಆಳು, ತೊಂದರೆ ಮೂರೂ ಕಾಣಿಸಬೇಕು. ಐದನೇ ಪುಟದ ಕೊನೇ ಚಿತ್ರದ ಚೌಕದಲ್ಲಿ ನಾವು ಏನೋ ಊಹಿಸಬೇಕು. ಪುಟ ತಿರುಗಿಸಿದರೆ ಆರನೇ ಪುಟ ಆ ಊಹೆಯನ್ನು ಮುರಿಯಬೇಕು. ಹೇಳೋಕೆ ಸುಲಭ. ಮಾಡೋಕೆ ಹೋದವರಿಗೆ ಗೊತ್ತು, ಆರು ಪುಟ ಎಷ್ಟು ಬೇಗ ಮುಗಿದು ಹೋಗುತ್ತೆ ಅಂತ.

ಎರಡನೇ ಹಾಳೆ, ಶುರುವಾಗುವ ಧಾರಾವಾಹಿಗಳಿಗೆ. ಇವಕ್ಕೆ ಡಿಸೆಂಬರ್‌ನಲ್ಲಿ ಅಂಕ ಇಲ್ಲ. "ಮುಂದಿನ ಕಂತು ಓದ್ತೀಯಾ?" ಅನ್ನೋ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಂತ ಬರೆಯುತ್ತೇವೆ. ಅಂಕ ಹಾಕೋದು ಕತೆ ಮುಗಿದ ಮೇಲೆ. ಮೊದಲ ಕಂತಿಗೇ ಒಂಬತ್ತು, ಎಂಟು ಅಂತ ಹಾಕೋದು ಬರೆದವರಿಗೆ ಮಾಡುವ ಮೋಸ, ಹೊಗಳಿದರೂ ಮೋಸವೇ. ಎರಡೂ ಹಾಳೆಯಲ್ಲಿ ಮೊದಲು ಬರೆಯೋದು ಹೊಸ ಓದುಗರು. ಹಳಬರು ಆಮೇಲೆ. ಇಲ್ಲದಿದ್ದರೆ ಹಳಬರ ಮಾತು ಕೇಳಿ ಹೊಸಬರು ತಮ್ಮ ಅಂಕ ತಿದ್ದಿಕೊಳ್ಳುತ್ತಾರೆ.

[ಪರದೆ: 1977 – 2099 ಎಂದು ಎರಡು ಸಾಲು, ಒಂದರ ಪಕ್ಕ ಒಂದು ಓಡುತ್ತಿವೆ]

ಡ್ರೆಡ್ ಬಗ್ಗೆ ಕೇಳುವವರು ಜಾಸ್ತಿ, ಅದಕ್ಕೆ ಇಷ್ಟು ಹೇಳಿಬಿಡುತ್ತೇನೆ. ಅವನು ಎರಡನೇ ಸಂಚಿಕೆಯಲ್ಲಿ ಬಂದವನು, ಇವತ್ತಿಗೂ ಇದ್ದಾನೆ. ಅವನ ನಗರ ಮೆಗಾ-ಸಿಟಿ ಒನ್ ನಮಗಿಂತ 122 ವರ್ಷ ಮುಂದಿದೆ. ನಮಗೆ 1977 ಆದಾಗ ಅಲ್ಲಿ 2099. ನಮ್ಮಲ್ಲಿ ಒಂದು ವರ್ಷ ಹೋದರೆ ಅಲ್ಲೂ ಒಂದು ವರ್ಷ ಹೋಗುತ್ತದೆ. ಡ್ರೆಡ್‌ಗೂ ವಯಸ್ಸಾಗುತ್ತಿದೆ. ಹಾಗಾಗಿ ಅವನ ಕ್ರಿಸ್ಮಸ್ ಕತೆ ಬಂದಾಗ ಅಲ್ಲೂ ನಿಜಕ್ಕೂ ಒಂದು ವರ್ಷ ಮುಗಿಯುತ್ತಿರುತ್ತದೆ. ಇಡೀ ನಗರ ಹಬ್ಬ ಮಾಡುವಾಗ ಡ್ಯೂಟಿ ಮೇಲಿರುವ ಒಬ್ಬ ಮನುಷ್ಯ, ಹೆಲ್ಮೆಟ್ ತೆಗೆಯದವನು. ಈ ಕತೆಗಳಲ್ಲಿ ಅವನ ಮನಸ್ಸು ಕರಗಿಸಲು ಹೋದರೆ ನನಗೆ ಹಿಡಿಸಲ್ಲ. ಅವನು ಹಾಗೇ ಇದ್ದು, ಸುತ್ತಲಿನ ಜನರಿಂದ ನಮ್ಮ ಕರುಳು ಕಿವುಚಿದರೆ ಆ ಕತೆ ಗೆದ್ದಿತು ಅಂತ ನನ್ನ ಲೆಕ್ಕ.

ಓದುವ ರೀತಿ ಬಗ್ಗೆ ಒಂದು ವಿನಂತಿ. ಮೊಬೈಲಿನಲ್ಲಿ ಒಂದೊಂದೇ ಚೌಕ ದೊಡ್ಡದು ಮಾಡಿಕೊಂಡು ಓದಬೇಡಿ. ಕಲಾವಿದ ಜೋಡಿಸಿದ್ದು ಇಡೀ ಪುಟವನ್ನು. ಯಾವ ಚೌಕ ದೊಡ್ಡದು, ಕಣ್ಣು ಎಲ್ಲಿಂದ ಎಲ್ಲಿಗೆ ಹೋಗಬೇಕು, ಇದೆಲ್ಲ ಪುಟ ಪೂರ್ತಿ ಕಂಡರೆ ಮಾತ್ರ ಗೊತ್ತಾಗುತ್ತದೆ. ಟ್ಯಾಬ್ ಇಲ್ಲದಿದ್ದರೆ ಟಿವಿಗೆ ಹಾಕಿ. ಎರಡು ಪುಟ ಸೇರಿ ಒಂದೇ ಚಿತ್ರ ಬಂದಾಗ ಅಡ್ಡ ತಿರುಗಿಸಿ ಎರಡನ್ನೂ ಒಟ್ಟಿಗೆ ನೋಡಿ.

ಶುರು ಮಾಡಬೇಕು ಅನ್ನುವವರು ಈಚಿನ ಯಾವುದಾದರೂ ಡಿಸೆಂಬರ್ ಸಂಚಿಕೆ ತಗೊಳ್ಳಿ. ಹಿಂದಿನ ಎರಡು ಸಾವಿರ ಚಿಲ್ಲರೆ ಸಂಚಿಕೆ ಓದಿರಬೇಕಾಗಿಲ್ಲ. ಮುಗಿಯುವ ಕತೆಗಳನ್ನು ಮೊದಲು ಓದಿ, ಆಮೇಲೆ ಶುರುವಾಗುವವು. ಎರಡು ಹಾಳೆ ಪಕ್ಕದಲ್ಲಿ ಇಟ್ಟುಕೊಳ್ಳಿ. ಕನ್ನಡದಲ್ಲೇ ಬರೆಯಿರಿ, ಕಲಾವಿದರ ಹೆಸರು ಬಿಡಬೇಡಿ. ಬರೆದದ್ದರ ಫೋಟೋ ನಮಗೆ ಕಳಿಸಿ. ಮೊದಲ ಸಲ ಓದಿದವರ ಹಾಳೆಗಳನ್ನು ಮುಂದಿನ ವಿಡಿಯೋದಲ್ಲಿ ಮೊದಲು ಓದುತ್ತೇವೆ, ಮೇಷ್ಟ್ರ ಹಾಳೆ ಆಮೇಲೆ.