ಹೆರಿಗೆ ಕೋಣೆಗೆ ಹಗ್ಗ ಬಂದದ್ದು ಏಕೆ?

[ದೃಶ್ಯ: ಆಂಡೀಸ್ ಬೆಟ್ಟಸಾಲು. ನಂತರ, ಹೆರಿಗೆ ಕೋಣೆಯ ಸೂರಿನಿಂದ ಇಳಿಬಿಟ್ಟ ದಪ್ಪ ಹಗ್ಗ.]

ನಿರೂಪಣೆ: ನಮಸ್ಕಾರ. ಪೆರು ದೇಶದ ಅಯಾಕುಚೊ ಸೀಮೆಯ ಸಾಂತಿಯಾನಾ ಎಂಬಲ್ಲಿ ಈ ಹಗ್ಗವೂ ಆರೋಗ್ಯ ಕೇಂದ್ರದ ಸಲಕರಣೆಯೇ.

ಅಲ್ಲಿರುವವರು ಕೆಚುವಾ ಮೂಲನಿವಾಸಿಗಳು. 1999ರಲ್ಲಿ ನೂರಕ್ಕೆ 6 ಹೆರಿಗೆಗಳು ಮಾತ್ರ ಆರೋಗ್ಯ ಕೇಂದ್ರದಲ್ಲಿ ಆಗುತ್ತಿದ್ದವು. 'ಜನಕ್ಕೆ ತಿಳಿವಳಿಕೆ ಸಾಲದು' ಎಂದು ಕಡತ ಮುಚ್ಚುವುದು ಯಾವ ದೇಶದ ಕಚೇರಿಗೂ ಸುಲಭ. ಆದರೆ ಹೆಂಗಸರ ಕಡೆಯಿಂದ ನೋಡಿ. ಮನೆಯಲ್ಲಾದರೆ ಕುಕ್ಕರಗಾಲಿನಲ್ಲಿ ಕೂತು ಹೆರಬಹುದು, ಆಸರೆಗೆ ಗಂಡ, ಜೊತೆಗೆ ಸೂಲಗಿತ್ತಿ. ಬಾಣಂತಿಗೆ ಶೀತ ತಗಲಬಾರದು. ಮಾಸನ್ನು ಮನೆಯವರೇ ಹೂಳಬೇಕು. ಆಸ್ಪತ್ರೆಯಲ್ಲೋ, ತಣ್ಣನೆಯ ಮೇಜಿನ ಮೇಲೆ ಅಂಗಾತ ಮಲಗಬೇಕು, ಗಂಡ ಹೊರಗೆ, ಮಾತೆಲ್ಲ ಸ್ಪ್ಯಾನಿಷ್.

[ದೃಶ್ಯ: ಪರದೆಯ ಮೇಲೆ '1996–2000'.]

ಇನ್ನೊಂದು ಭಯವೂ ಇತ್ತು. ಅಧ್ಯಕ್ಷ ಫುಜಿಮೊರಿಯ ಆಡಳಿತದ ಈ ವರ್ಷಗಳಲ್ಲಿ ಪೆರುವಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ಮನಸ್ಸಿಲ್ಲದಿದ್ದರೂ ಮಾಡಿದರು ಎಂದು ಸಾವಿರಾರು ಮಂದಿ ದೂರಿದರು, ಅವರಲ್ಲಿ ಕೆಚುವಾ ಹೆಂಗಸರೇ ಬಹಳ. ಹಾಗಿರುವಾಗ ಸರ್ಕಾರಿ ಕಟ್ಟಡದೊಳಗೆ ನಂಬಿ ಮಲಗುವವರು ಯಾರು?

ಹೆಲ್ತ್ ಅನ್‌ಲಿಮಿಟೆಡ್ ಎಂಬ ಸ್ವಯಂಸೇವಾ ಸಂಸ್ಥೆಯ ಯೋಜನೆ ಊರಿನವರನ್ನೂ ವೈದ್ಯಕೀಯ ಸಿಬ್ಬಂದಿಯನ್ನೂ ಒಟ್ಟಿಗೆ ಕೂರಿಸಿತು. ಹಿಡಿದುಕೊಳ್ಳಲು ಹಗ್ಗ, ಕೂರಲು ಗಿಡ್ಡ ಬೆಂಚು ಬಂದವು. ಮನೆಯವರಿಗೂ ಸೂಲಗಿತ್ತಿಗೂ ಒಳಗೆ ಜಾಗ ಸಿಕ್ಕಿತು, ಕೆಚುವಾ ಭಾಷೆಗೂ ಸಿಕ್ಕಿತು. 2007ರ ಹೊತ್ತಿಗೆ ಆರೋಗ್ಯ ಕೇಂದ್ರದ ಹೆರಿಗೆ ನೂರಕ್ಕೆ 83. ಅದಕ್ಕೂ ಮೊದಲೇ, 2005ರಲ್ಲಿ, ಪೆರುವಿನ ಆರೋಗ್ಯ ಸಚಿವಾಲಯ ಕೂತು ಹೆರುವ ಪದ್ಧತಿಗೆ ರಾಷ್ಟ್ರಮಟ್ಟದ ನಿಯಮಾವಳಿಯನ್ನೇ ಹೊರಡಿಸಿತ್ತು.

ಇದು ಬರೀ ಸಂಪ್ರದಾಯಕ್ಕೆ ತೋರಿದ ಮರ್ಯಾದೆ ಎಂದುಕೊಳ್ಳಬೇಡಿ. ಅಂಗಾತ ಮಲಗಿಸುವುದರಿಂದ ಮುಖ್ಯವಾಗಿ ಅನುಕೂಲವಾಗುವುದು ನೋಡಿಕೊಳ್ಳುವವರಿಗೆ. ಕೂತು ಹೆತ್ತರೆ ಇಕ್ಕಳ ಹಾಕಿ ಎಳೆಯುವ, ಕತ್ತರಿಸಿ ಹೊಲಿಗೆ ಹಾಕುವ ಪ್ರಸಂಗಗಳು ಕಡಿಮೆ. ಆದರೆ ರಕ್ತಸ್ರಾವ ತುಸು ಹೆಚ್ಚಬಹುದು ಎಂಬುದೂ ಅಧ್ಯಯನಗಳಲ್ಲಿ ಕಂಡಿದೆ. ರಕ್ತಸ್ರಾವ ತಡೆಯಲು ಆ ಗಳಿಗೆಯಲ್ಲಿ ಬೇಕಾದ ಆಕ್ಸಿಟೋಸಿನ್ ಚುಚ್ಚುಮದ್ದು ಮನೆಯಲ್ಲಿ ಇರುವುದಿಲ್ಲ. ಚುಚ್ಚುಮದ್ದು ಇರುವ ಕೋಣೆಯಲ್ಲೇ ಹಗ್ಗವೂ ಇರಬೇಕು ಎನ್ನುವುದು ಇದಕ್ಕೇ.

[ದೃಶ್ಯ: ತರಬೇತಿ ಕೋಣೆ, ಬೆಂಚಿನ ಮೇಲೆ ಕೂತು ಅಭ್ಯಾಸ ಮಾಡುತ್ತಿರುವ ದಾದಿಯರು.]

ಬರೀ ಹಗ್ಗ ಕಟ್ಟಿದರೆ ಸಾಲದು, ನಿಜ. ಮಲಗಿಸಿ ಹೆರಿಗೆ ಮಾಡಿಸುವುದನ್ನಷ್ಟೇ ಕಲಿತು ಬಂದ ವೈದ್ಯರು ಈಗ ನೆಲದ ಮೇಲೆ ಮಂಡಿಯೂರಿ ಕೂರಬೇಕು. ಅದನ್ನು ಕಲಿಸಲು ಹಣ ಬೇಕು, ಕೆಚುವಾ ಬಲ್ಲ ದಾದಿಯರು ಬೇಕು. ಬಜೆಟ್‌ನಲ್ಲಿ ಅದಕ್ಕೆ ದುಡ್ಡು ಇಡದಿದ್ದರೆ ನಿಯಮಾವಳಿ ಕಪಾಟಿನಲ್ಲೇ ಉಳಿಯುತ್ತದೆ.